ಒಂದು ಬೆರಳು ಬಿಟ್ಟು

ಬಸ್ಸಿನಲ್ಲಿ ಕೂತವಳ ತೊಡೆಯ ಮೇಲೆ ಚೀಲ, ಚೀಲದಲ್ಲಿ ನೂರು ಪುಟದ ನೋಟ್‌ಬುಕ್ಕು, ನೋಟ್‌ಬುಕ್ಕಿನಲ್ಲಿ ಎಲ್ಲೂ ಬರೆಯದೆ ಬಿಟ್ಟ ಮುಕ್ಕಾಲು ಇಂಚು. ಬರೆದದ್ದಕ್ಕಿಂತ ಬರೆಯದ್ದೇ ಭಾರವೇನೋ ಅನ್ನಿಸಿ ಚೀಲವನ್ನು ಬಲತೊಡೆಯಿಂದ ಎಡತೊಡೆಗೆ ಸರಿಸಿದಳು. ಪಕ್ಕದಲ್ಲಿ ಮಗಳು ಕಿಟಕಿಯ ಗಾಜಿಗೆ ಮೂಗು ಒತ್ತಿ, ತನ್ನ ಉಸಿರಿನ ಮಂಜಿನ ಮೇಲೆ ಒಂದು, ಎರಡು, ಮೂರು ಎಂದು ಬರೆದು ಅಳಿಸುತ್ತಿತ್ತು. ಶಾಲೆಗೆ ರಜೆ, ಜೊತೆಗೆ ಕರೆದುಕೊಂಡು ಬರದೆ ಗತಿಯಿರಲಿಲ್ಲ. ಹತ್ತುವಾಗ ಸೀಟು ಇರಲಿಲ್ಲ. ತಲೆ ಪೂರ್ತಿ ನರೆತ ಒಬ್ಬರು ಎದ್ದು ನಿಂತು, 'ನೀವು ಕೂತ್ಕೊಳಿ' ಅಂದಿದ್ದರು. ಅವರಿಗೆ ಅರವತ್ತೈದಾದರೂ ಆಗಿತ್ತು, ತನಗೆ ನಲವತ್ತೊಂದು. ಬೇಡ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮೊಣಕಾಲು ಅವಳನ್ನು ಕೇಳದೆಯೇ ಕೂತುಬಿಟ್ಟಿತ್ತು. ಅವರು ಕೊಟ್ಟದ್ದು ಸೀಟನ್ನಲ್ಲ, ಅವಳ ತಲೆಯನ್ನು ನೋಡಿದ ನೋಟವನ್ನು. ಕೂದಲು ಈಗಷ್ಟೇ ಬಂದಿತ್ತು, ಮೊಟಕು ವೆಲ್ವೆಟ್ಟಿನ ಹಾಗೆ. ಒಂದು ಕಡೆಗೆ ಸವರಿದರೆ ನಯ, ಇನ್ನೊಂದು ಕಡೆಗೆ ಸವರಿದರೆ ಮುನಿಸು. ಅಂಥ ಬಟ್ಟೆಯನ್ನು ಕತ್ತರಿಸುವಾಗ ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಒಂದು ತೋಳು ಕಪ್ಪಾಗಿ ಒಂದು ತೋಳು ಬಿಳಿಚಿ ಕಾಣುತ್ತದೆ ಎಂದು ಹೊಲಿಗೆ ಕಾರ್ಖಾನೆಯ ಮಾಸ್ಟರ್ ಕಲಿಸಿದ್ದರು.

ಮಾಸ್ಟರ್ ಕಲಿಸಿದ್ದು ಎಷ್ಟೋ. ಮೊದಲ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಶಾಲೆಯ ಅಂಗಿಗಳು, ನರ್ಸುಗಳ ಕೋಟುಗಳು, ಡ್ರೈವರುಗಳ ಪ್ಯಾಂಟುಗಳು ತಯಾರಾಗುತ್ತವೆ. ಹನ್ನೆರಡು ಅಡಿಯ ಕತ್ತರಿಸುವ ಮೇಜು ಹತ್ತೊಂಬತ್ತು ವರ್ಷದಿಂದ ಅವಳದು. ಕೆಳಗೆ ಬಂದಿಳಿದ ಬಟ್ಟೆಯ ಥಾನನ್ನು ಹೆಗಲಿಗೇರಿಸಿ ಇಪ್ಪತ್ತೆರಡು ಮೆಟ್ಟಿಲನ್ನು ಅವಳು ಹತ್ತುತ್ತಿದ್ದಳು; ಗಂಡಸರು ಇಬ್ಬಿಬ್ಬರು ಹಿಡಿದು ತರುವಾಗ ಅವಳೊಬ್ಬಳೇ ತಂದು ಮೇಜಿನ ಮೇಲೆ ಧೊಪ್ಪೆಂದು ಹಾಕಿ, ಅಂಗೈಯಿಂದ ಒಂದು ಸಲ ಸವರಿ, ನೂಲಿನ ಎಳೆ ಯಾವ ಕಡೆ ಓಡುತ್ತದೆಂದು ಬೆರಳ ತುದಿಯಲ್ಲೇ ತಿಳಿದುಬಿಡುತ್ತಿದ್ದಳು. ಮೊದಲ ವರ್ಷ ಶಾಲೆಯೊಂದರಲ್ಲಿ ಸಾಲಾಗಿ ನಿಂತ ಮಕ್ಕಳ ಅಳತೆ ತೆಗೆಯುವಾಗ ಅವಳು ಟೇಪನ್ನು ಎದೆಗೆ ಬಿಗಿದದ್ದನ್ನು ನೋಡಿ ಮಾಸ್ಟರ್ ಅಷ್ಟು ಮಕ್ಕಳೆದುರೇ ಗದರಿದ್ದರು. 'ಏ ತಾಯಿ, ಬೆರಳೆಲ್ಲಿ? ಒಂದು ಬೆರಳು ಒಳಗಿಟ್ಟು ಅಳೆ. ಬದುಕಿರೋ ಮೈ ಅದು, ಉಸಿರಾಡ್ಬೇಕು. ಬೆರಳು ಬಿಡದೆ ಅಳತೆ ತಗೊಳ್ಳೋದು ಹೆಣಕ್ಕೆ ಮಾತ್ರ.' ಸಾಲಿನಲ್ಲಿದ್ದ ಮಕ್ಕಳು ನಕ್ಕಿದ್ದವು. ಅಂದಿನಿಂದ ಅವಳ ಬೆರಳು ತಾನಾಗಿ ಒಳಗೆ ಹೋಗುತ್ತದೆ, ಬಾಗಿಲು ದಾಟುವಾಗ ಉದ್ದನೆಯವರು ತಾವಾಗಿ ತಲೆ ಬಗ್ಗಿಸುವ ಹಾಗೆ.

ಈಗ ಆ ಬೆರಳ ತುದಿಗಳೇ ಮರಗಟ್ಟಿದ್ದವು. ಎಂಟು ಸಲ ಕೈಯ ನರಕ್ಕೆ ಇಳಿಸಿದ ಔಷಧಿಯಿಂದ ಹಾಗಾಗುತ್ತದಂತೆ, ಕೆಲವರಿಗೆ ಹೋಗುತ್ತದಂತೆ, ಕೆಲವರಿಗೆ ಉಳಿಯುತ್ತದಂತೆ. ಆ ದಿನಗಳಲ್ಲಿ ಎಲ್ಲ ಮಾತೂ 'ಅಂತೆ'ಯಲ್ಲಿ ಮುಗಿಯುತ್ತಿತ್ತು. ಮೊದಲು ಬಲಗಡೆಯ ಮೊಲೆಯನ್ನು ತೆಗೆದರು, ಕಂಕುಳೊಳಗಿನ ಗಂಟುಗಳನ್ನು ಕೆರೆದರು, ಆಮೇಲೆ ಔಷಧಿ, ಆಮೇಲೆ ಇಪ್ಪತ್ತೈದು ದಿನ ರೇಡಿಯೇಷನ್ನಿನ ಕರೆಂಟು. ನೋವಿಗೆ ಅವಳು ಸಿದ್ಧಳಾಗಿದ್ದಳು. ಸಿದ್ಧಳಾಗದೆ ಇದ್ದದ್ದು ಈ ಸುಸ್ತಿಗೆ. ಇದು ದುಡಿದ ಸುಸ್ತಲ್ಲ, ಮಲಗಿದರೆ ಹೋಗುವಂಥದ್ದಲ್ಲ. ಯಾರೋ ಅವಳ ಮೈಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿ, ಒದರದೆ ಮೂಲೆಯಲ್ಲಿ ಹಾಕಿ ಹೋದಂತೆ. ನೀರು ತುಂಬಿದ ಕೊಡ ಎತ್ತಲಾಗುತ್ತಿರಲಿಲ್ಲ. ತಲೆ ಬಾಚಲು ಕೈ ಕಿವಿಯವರೆಗೆ ಬಂದು ನಿಲ್ಲುತ್ತಿತ್ತು. ಬಾಚಲು ತಲೆಯಲ್ಲೂ ಏನೂ ಇಲ್ಲದ್ದು ಒಂದು ಅನುಕೂಲವೇ. ಅದನ್ನು ಗಂಡ ನೋಡಿದ್ದ. ಒಂದು ದಿನ ಅವಳು ಆಸ್ಪತ್ರೆಯಿಂದ ಬಂದಾಗ ಅಡುಗೆಮನೆಯ ಡಬ್ಬಗಳು, ಪಾತ್ರೆಗಳು, ಉಪ್ಪು, ಬೆಂಕಿಪೊಟ್ಟಣ, ಗೋಡೆಯ ಕನ್ನಡಿ ಕೂಡ ಒಂದೊಂದು ಅಡಿ ಕೆಳಗಿಳಿದಿದ್ದವು. ಇಡೀ ಮನೆಯೇ ಅವಳ ಕೈ ಎಟುಕುವಷ್ಟಕ್ಕೆ ಕುಗ್ಗಿತ್ತು. ಗೋಡೆಯಲ್ಲಿ ಹಳೆಯ ಮೊಳೆಗಳ ತೂತುಗಳು ಮಾತ್ರ ಮೇಲೆಯೇ ಉಳಿದಿದ್ದವು. ಅವನ ಒಳ್ಳೆಯತನಕ್ಕೆ ಅಳಬೇಕೋ ಸಿಟ್ಟಾಗಬೇಕೋ ತಿಳಿಯದೆ ಅವಳು ಒಗ್ಗರಣೆ ಸೌಟು ಹುಡುಕುವ ನೆಪದಲ್ಲಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

'ಅಮ್ಮಾ, ಇಳಿಯೋದು ಬಂತು' ಎಂದಿತು ಮಗಳು.

ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಕೋಣೆ ಆಸ್ಪತ್ರೆಯ ಉದ್ದನೆಯ ಓಣಿಯ ಕೊನೆಗೆ. ಚಿಕ್ಕ ವಯಸ್ಸಿನವಳು, ಗಟ್ಟಿ ದನಿ, ಕೋಟಿನ ಕಾಲರು ಒಂದು ಕಡೆ ಎದ್ದಿರುತ್ತಿತ್ತು. ಆ ಕೋಟು ತಮ್ಮಲ್ಲೇ ತಯಾರಾದದ್ದೆಂದು ಹೊಲಿಗೆ ನೋಡಿ ಅವಳಿಗೆ ಗೊತ್ತು, ಕಾಲರಿನ ತಪ್ಪು ಯಾರದ್ದೆಂದೂ ಗೊತ್ತು, ಹೇಳಿರಲಿಲ್ಲ. ಆರು ವಾರದ ಹಿಂದೆ ಅವಳ ಬಲತೋಳನ್ನು ಅಳೆದು, 'ನಿಮ್ಗೆ ಇಂಚೇ ಸಲೀಸಲ್ವಾ?' ಎಂದು ನಕ್ಕು, ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಹನ್ನೊಂದು ಎಂದು ಬರೆದುಕೊಟ್ಟವಳು ಅವಳೇ. 'ಪ್ರತಿ ಭಾನುವಾರ ಅಳೆದು ಬರೀರಿ. ಅರ್ಧ ಇಂಚಿಗಿಂತ ಜಾಸ್ತಿ ಆದ್ರೆ ನೀರು ತುಂಬ್ತಿದೆ ಅಂತ ಅರ್ಥ, ಆ ದಿನಾನೇ ಬನ್ನಿ. ಮೆಟ್ಟಿಲು ದಿನಾ ಹತ್ತಿ. ನಿಮ್ಮ ಕೆಲಸದ ಜಾಗಕ್ಕೆ ಎಷ್ಟು ಮೆಟ್ಟಿಲು? ಇಪ್ಪತ್ತೆರಡಾ? ಸರಿ, ಆರು ವಾರಕ್ಕೆ ಇಪ್ಪತ್ತೆರಡನ್ನೂ ನಿಲ್ಲದೆ ಹತ್ಬೇಕು. ಆಮೇಲೆ ಕಾಗದ ಕೊಡ್ತೀನಿ.' ಆ ಕಾಗದವನ್ನೇ ಮಾಸ್ಟರ್ ಫೋನಿನಲ್ಲಿ ಕೇಳಿದ್ದು. 'ಫಿಟ್ ಅಂತ ಒಂದು ಚೀಟಿ ತಗೊಂಡ್ಬಾ ತಾಯಿ. ಸೋಮವಾರದೊಳಗೆ ಬಂದ್ರೆ ಮೇಜು ನಿಂದು. ಇಲ್ದಿದ್ರೆ ಹೊಸಬನಿಗೆ ಖಾಯಂ ಮಾಡ್ಬೇಕಾಗುತ್ತೆ, ನನ್ನ ಕೈಲೂ ಎಷ್ಟು ದಿನ ಅಂತ.' ಹತ್ತೊಂಬತ್ತು ವರ್ಷ ಬೇರೆಯವರ ಫಿಟ್ಟಿಂಗು ನೋಡಿದವಳಿಗೆ ಈಗ ತಾನೇ ಫಿಟ್ ಹೌದೋ ಅಲ್ಲವೋ ಎಂದು ಯಾರೋ ಬರೆದುಕೊಡಬೇಕಿತ್ತು.

ಮೊದಲ ಭಾನುವಾರ ಎಡಗೈಯಲ್ಲಿ ಟೇಪು ಸುತ್ತಿ ಹಿಡಿದು, ಸಂಖ್ಯೆ ಓದಲು ಮಗಳನ್ನು ಕರೆದಿದ್ದಳು. 'ಹನ್ನೊಂದೂ ಮುಕ್ಕಾಲು' ಎಂದಿತು ಮಗು. ಇನ್ನೊಮ್ಮೆ ಸುತ್ತಿದಳು. ಹನ್ನೊಂದೂ ಮುಕ್ಕಾಲು. ಅಂದರೆ ಆ ದಿನವೇ ಹೋಗಬೇಕು; ಹೋದರೆ ತೋಳಿಗೆ ಪಟ್ಟಿ ಬಿಗಿಯುತ್ತಾರೆ, ತಿಂಗಳುಗಟ್ಟಲೆ; ಮೇಜು ಹೊಸಬನದು. ಪೆನ್ನು ತೆಗೆದು ಹನ್ನೊಂದು ಎಂದು ಬರೆದಳು. 'ಮುಕ್ಕಾಲು ಎಲ್ಲಿ ಹೋಯ್ತಮ್ಮಾ?' 'ಒಳಗೆ ಮಡಚಿದೀನಿ' ಅಂದಳು. ಮಗಳು ನಕ್ಕಿತು; ಬಟ್ಟೆಯವರ ಮನೆಯ ಮಗು, ಒಳಗೆ ಮಡಚಿ ಹೊಲಿಯುವುದು ಗೊತ್ತು. ಆರು ಭಾನುವಾರವೂ ಮುಕ್ಕಾಲು ಏರಲೂ ಇಲ್ಲ, ಇಳಿಯಲೂ ಇಲ್ಲ. ಆರು ಸಲವೂ ಮಡಚಿದಳು. ರಾತ್ರಿ ತೋಳನ್ನು ದಿಂಬಿನ ಮೇಲೆ ಎತ್ತಿಟ್ಟು, ಕಳ್ಳಮಾಲನ್ನು ಬಚ್ಚಿಟ್ಟವಳ ಹಾಗೆ ಅದರ ಪಕ್ಕ ಮಲಗುತ್ತಿದ್ದಳು. ಮೆಟ್ಟಿಲಿನದು ಇನ್ನೊಂದು ಬಗೆ. ಮನೆಯ ಮೆಟ್ಟಿಲು ಹತ್ತುವಾಗ ಮಗಳು ಮುಂದೆ ಎಣಿಸುತ್ತಿತ್ತು. ಹತ್ತಕ್ಕೋ ಹನ್ನೊಂದಕ್ಕೋ ಎದೆ ಗಂಟಲಿಗೆ ಬಂದು ಅವಳು ಕಂಬಿ ಹಿಡಿದು ನಿಂತುಬಿಟ್ಟರೆ ಮಗಳೂ ಸುಮ್ಮನೆ ನಿಲ್ಲುತ್ತಿತ್ತು, ಮತ್ತೆ ಹೊರಟಾಗ 'ಒಂದು' ಎಂದು ಶುರುಮಾಡುತ್ತಿತ್ತು. ಹಾಗೆ ಎಣಿಸಿದರೆ ಯಾವ ಎಣಿಕೆಯಲ್ಲೂ ನಿಂತದ್ದು ಸಿಕ್ಕುವುದಿಲ್ಲ. ಅದನ್ನು ಅವಳು ಕಲಿಸಿರಲಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ಇಪ್ಪತ್ತೆರಡು, ನಿಲ್ಲದೆ ಎಂದು ಬರೆದವಳು ಅವಳೇ.

'ಬನ್ನಿ ಬನ್ನಿ, ಏನು ಪುಟ್ಟೀ, ನೀನೂ ಬಂದ್ಯಾ?' ಎಂದು ಡಾಕ್ಟರಮ್ಮ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ನೋಟ್‌ಬುಕ್ಕಿನ ಪುಟ ತಿರುವಿ 'ಭೇಷ್' ಅಂದಳು. ಆಮೇಲೆ ಟೇಪು ತೆಗೆದಳು. ಮೊಣಕೈಯ ಮೇಲೆ ಅದು ತಣ್ಣಗೆ ಸುತ್ತಿಕೊಂಡಿತು. ಅವಳು ಗೋಡೆಯ ಗಡಿಯಾರ ನೋಡಿದಳು. ಸಿಕ್ಕಿಬೀಳುವ ಹೊತ್ತು ಇಷ್ಟು ಸಮಾಧಾನವಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಯಾರೋ ಬಕೆಟ್ ಎಳೆಯುತ್ತಿದ್ದರು, ಮಗಳು ಕಾಲು ಆಡಿಸುತ್ತಿತ್ತು. 'ಹನ್ನೊಂದು' ಎಂದಳು ಡಾಕ್ಟರಮ್ಮ. 'ಸರಿಯಾಗಿ ಹನ್ನೊಂದು. ನೀವು ಬರೆದಿರೋದೇ.' ಮಗಳ ಕಾಲು ನಿಂತಿತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಎಷ್ಟೋ ದಿನ ಎಳೆದುಕೊಂಡು ಬಂದ ಸುಳ್ಳು ಕೊನೆಗೆ ನಿಜವಾಗಿ ಎದುರಿಗೆ ನಿಂತರೆ ಸಂತೋಷ ಆಗಬೇಕು. ಅವಳಿಗೆ ಹೆದರಿಕೆಯಾಯಿತು. ಮುಕ್ಕಾಲು ಇಂಚು ಎಲ್ಲಿ ಹೋಯಿತು? ಅದು ಅವಳ ತೋಳಿನಲ್ಲಿ ಇರಲೇ ಇಲ್ಲವಾದರೆ ಆರು ವಾರ ಅವಳು ಬಚ್ಚಿಟ್ಟದ್ದು ಏನನ್ನು?

ಆಮೇಲೆ ಆರು ನಿಮಿಷದ ನಡಿಗೆ. ಓಣಿಯ ಈ ತುದಿಗೊಂದು ಕುರ್ಚಿ, ಆ ತುದಿಗೊಂದು ಕುರ್ಚಿ, ನಡುವೆ ಮೂವತ್ತು ಮೀಟರು. ಓಡುವ ಹಾಗಿಲ್ಲ, ಬೇಗ ನಡೆಯಬೇಕು, ಬೇಕಾದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಮೊದಲ ಎರಡು ಸುತ್ತು ಅವಳು ಮೇಜಿನ ಉದ್ದಕ್ಕೂ ಥಾನು ಬಿಚ್ಚುತ್ತಾ ಹೋಗುವವಳ ಹಾಗೆ ನಡೆದಳು. ಇಷ್ಟೇ ತಾನೇ, ದಿನಕ್ಕೆ ಇಂಥ ನೂರು ಸುತ್ತು ಹೊಡೆದ ಕಾಲು ಇವು. ಐದನೇ ಸುತ್ತಿಗೆ ಅಂಗಾಲು ಯಾರದ್ದೋ ಆಯಿತು, ನೆಲ ಇದೆಯೋ ಇಲ್ಲವೋ ತಿಳಿಯದೆ ಕಾಲು ಹುಡುಕಿ ಇಡಬೇಕಾಯಿತು. ಕರೆಂಟು ಕೊಟ್ಟ ಜಾಗದ ಚರ್ಮ ಅಳತೆ ತಪ್ಪಿದ ರವಿಕೆಯ ಹಾಗೆ ಎದೆಯನ್ನು ಬಿಗಿಯುತ್ತಿತ್ತು. ಉಸಿರು ಪೂರ್ತಿ ಒಳಗೆ ಬರುವ ಮೊದಲೇ ಹೊಲಿಗೆ ಸಿಕ್ಕಿ ವಾಪಸು ಹೋಗುತ್ತಿತ್ತು. ಹಿಂದಿನಿಂದ ಟಕ್ ಟಕ್ ಎಂದು ಊರುಗೋಲಿನ ಸದ್ದು ಬಂದು, ಸೊಂಟಕ್ಕೆ ಆಪರೇಷನ್ ಆದ ಅಜ್ಜನೊಬ್ಬ ಅವಳನ್ನು ದಾಟಿ ಹೋದ. ಹೋಗುತ್ತಾ 'ಬಾಮ್ಮಾ ಬಾ, ಆತುರ ಏನಿಲ್ಲ' ಎಂದು ಧೈರ್ಯ ಬೇರೆ ಹೇಳಿದ. ಅವಳಿಗೆ ಕಾಜಾ ಅಕ್ಕನ ಮಾತು ನೆನಪಾಯಿತು. ಮೂಲೆಯಲ್ಲಿ ಕೂತು ದಿನವಿಡೀ ಗುಂಡಿಗೆ ಕಾಜಾ ಹಾಕುವವಳು, ಮೂವತ್ತು ವರ್ಷದಿಂದ ಅದೇ ಹೆಸರು. ಆಸ್ಪತ್ರೆಗೆ ನೋಡಲು ಬಂದವಳು ಹಾಸಿಗೆಯ ಅಂಚಿಗೆ ಕೂತು, 'ಎಲ್ರಿಗೂ ಬೇರೆಯವ್ರು ಕೈ ಕೊಡ್ತಾರೆ ಕಣೇ, ನಿಂಗೆ ನಿನ್ ಕೈಯೇ ಕೈ ಕೊಡ್ತಲ್ಲೇ' ಎಂದು ನಗಿಸಿ, ತಾನೇ ಅತ್ತಿದ್ದಳು. ಈಗ ಕಾಲು. ಅವಳು ನಿಂತಳು. ಗೋಡೆಗೆ ಅಂಗೈ ಒತ್ತಿದಳು. ಗೋಡೆ ತಂಪಾಗಿದೆಯೆಂದು ಅಂಗೈಗೆ ಗೊತ್ತಾಯಿತು, ಬೆರಳುಗಳಿಗೆ ಗೊತ್ತಾಗಲಿಲ್ಲ.

'ಮುನ್ನೂರ ಇಪ್ಪತ್ತು ಮೀಟರು' ಎಂದಳು ಡಾಕ್ಟರಮ್ಮ ಕೋಣೆಯಲ್ಲಿ. ನೋಟ್‌ಬುಕ್ಕನ್ನೂ ಅವಳನ್ನೂ ನೋಡಿದಳು. 'ನಾನೂರೈವತ್ತಾದ್ರೂ ಬರುತ್ತೆ ಅಂದ್ಕೊಂಡಿದ್ದೆ. ದಿನಾ ಇಪ್ಪತ್ತೆರಡು ಮೆಟ್ಟಿಲು ನಿಲ್ಲದೆ ಹತ್ತೋರು ಸಮನೆಲದ ಮೇಲೆ ಯಾಕೆ ನಿಂತ್ರಿ?'

'ಬಸ್ಸಲ್ಲಿ ಬಂದೆ ನೋಡಿ, ಸುಸ್ತು...'

'ಪುಟ್ಟೀ' ಎಂದು ಡಾಕ್ಟರಮ್ಮ ಅತ್ತ ತಿರುಗಿದಳು. 'ಅಮ್ಮ ದಿನಾ ಮೆಟ್ಟಿಲು ಹತ್ತಾರಾ? ನಡುವೆ ನಿಲ್ಲೋದಿಲ್ವಾ?'

ಮಗಳು ಒಂದು ಕ್ಷಣವೂ ತಡೆಯಲಿಲ್ಲ. ಕಣ್ಣು ಮಿಟುಕಿಸಲಿಲ್ಲ. 'ನಿಲ್ಲೋದೇ ಇಲ್ಲ. ನಾನೇ ಎಣಿಸ್ತೀನಿ' ಎಂದಿತು.

ಆ ದನಿಯಲ್ಲಿ ಒಂದು ಹೊಲಿಗೆಯೂ ಆಚೀಚೆ ಇರಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಆ ವಯಸ್ಸಿಗೆ ತಾನು ಮಾಡಿರಲಿಲ್ಲ ಎಂದು ಅವಳಿಗೆ ಹೊಳೆಯಿತು. ಯಾರ ಕೈಕೆಳಗೆ ಕಲಿತದ್ದು ಇದು. ಕಳೆದ ವಾರ ಲೆಕ್ಕದ ಪುಸ್ತಕದಲ್ಲಿ ತಪ್ಪಿಗೆ ಬಿದ್ದ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜಿ ಹಾಳೆ ಹರಿದುಕೊಂಡಿದ್ದ ಮಗಳು, 'ಒಳಗೆ ಮಡಚಿದೆ' ಅಂದಾಗ ಗಂಡನ ಜೊತೆ ಅವಳೂ ನಕ್ಕಿದ್ದಳು. ಈಗ ಮಗಳು ಅವಳ ಕಡೆ ನೋಡುತ್ತಿರಲಿಲ್ಲ. ಸರಿಯಾಗಿ ಹೇಳಿದೆನಾ ಎಂದು ಕೇಳಬಾರದೆಂಬುದೂ ಅದಕ್ಕೆ ಗೊತ್ತಿತ್ತು. ಎದುರಿಗೆ ಕಾಗದ, ಕಾಗದದ ಮೇಲೆ ಪೆನ್ನು. ತೋಳು ಹನ್ನೊಂದು ಇದೆ. ಮಗು ಸಾಕ್ಷಿ ಹೇಳಿದೆ. ಸುಮ್ಮನಿದ್ದರೆ ಸೋಮವಾರ ಮೇಜು.

'ನಿಲ್ತೀನಿ ಮೇಡಂ' ಎಂದಳು. 'ದಿನಾ ನಿಲ್ತೀನಿ. ಹತ್ತಕ್ಕೋ ಹನ್ನೊಂದಕ್ಕೋ. ಅವ್ಳು ನನಗೋಸ್ಕರ ಹೇಳಿದ್ಲು.' ಬಾಯಿ ಒಮ್ಮೆ ಬಿಚ್ಚಿದ ಮೇಲೆ ಉಳಿದದ್ದೂ ದಾರ ಎಳೆದಂತೆ ಸರ್ರನೆ ಬಂತು. 'ತೋಳಿಂದೂ ಸುಳ್ಳು. ಹನ್ನೊಂದೂ ಮುಕ್ಕಾಲು ಇತ್ತು, ಆರು ವಾರಾನೂ. ನಾನು ಹನ್ನೊಂದು ಅಂತ ಬರ್ದೆ. ಇವತ್ತು ಅದು ಹೇಗೆ ಹನ್ನೊಂದೇ ಬಂತೋ ನಂಗೊತ್ತಿಲ್ಲ.'

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಟೇಪನ್ನು ಅವಳ ಕೈಗೆ ಕೊಟ್ಟು, 'ಮನೇಲಿ ಹೇಗೆ ಅಳೀತೀರೋ ಹಾಗೇ ಅಳೀರಿ ನೋಡೋಣ' ಅಂದಳು. ಅವಳು ಎಡಗೈಯಲ್ಲಿ ಟೇಪು ಸುತ್ತಿ ಹಿಡಿದಳು. ಮಗಳು ಅಭ್ಯಾಸದಂತೆ ಎದ್ದು ಬಂದು ಬಗ್ಗಿ ನೋಡಿ, ಸಣ್ಣ ದನಿಯಲ್ಲಿ 'ಹನ್ನೊಂದೂ ಮುಕ್ಕಾಲು' ಎಂದಿತು.

'ಆ ಬೆರಳು ಯಾಕೆ ಒಳಗಿದೆ?'

ಅವಳು ನೋಡಿಕೊಂಡಳು. ಟೇಪಿಗೂ ತೋಳಿಗೂ ನಡುವೆ ಅವಳ ತೋರುಬೆರಳು, ಮರಗಟ್ಟಿದ ತುದಿಯ ಸಮೇತ, ಏನೂ ಅರಿಯದ ಮಗುವಿನ ಹಾಗೆ ಮಲಗಿತ್ತು. ಟೇಪು ಬಿಗಿದದ್ದು ಅದಕ್ಕೆ ಗೊತ್ತೇ ಆಗಿರಲಿಲ್ಲ.

'ಅದು... ಉಸಿರಾಡೋಕೆ' ಎಂದಳು.

'ಯಾರು?'

'ಮೈ. ಬಟ್ಟೆ ಬಿಗಿ ಆಗ್ಬಾರ್ದು ಅಂತ. ನಮ್ಮಲ್ಲಿ ಒಂದು ಬೆರಳು ಬಿಟ್ಟೇ ಅಳೆಯೋದು.'

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. 'ನಿಮ್ಮ ತೋಳಿಗೆ ಅಂಗಿ ಹೊಲೀರಿ ಅಂದಿದ್ನೇನ್ರೀ ನಾನು?' ಎಂದು ಕಣ್ಣೊರೆಸಿಕೊಂಡಳು. ಮಗಳು ಇಬ್ಬರ ಮುಖವನ್ನೂ ನೋಡಿ, ನಗಬಹುದೆಂದು ಗೊತ್ತಾದ ಮೇಲೆ ನಕ್ಕಿತು. ಅವಳೂ ನಕ್ಕಳು, ನಗುವಾಗ ಎದೆಯ ಚರ್ಮ ಎಳೆಯಿತು. ಆರು ವಾರ ಅವಳು ಹೆದರಿದ್ದು ತನ್ನದೇ ಬೆರಳಿಗೆ. ನಗು ಮುಗಿದ ಮೇಲೆ ಡಾಕ್ಟರಮ್ಮ ಕಾಲರು ಸರಿಮಾಡಿಕೊಂಡಳು, ಅದು ಮತ್ತೆ ಎದ್ದಿತು. 'ತೋಳಿನ ಸುಳ್ಳು ಹೇಗೋ ನಿಜ ಆಯ್ತು' ಅಂದಳು. 'ಮೆಟ್ಟಿಲಿನದು ಆಗಲ್ಲ. ಅದನ್ನ ನಂಬಿದ್ರೆ ನಿಮ್ಗೆ ಪೂರ್ತಿ ಕೆಲಸ, ಪೂರ್ತಿ ಭಾರ ಅಂತ ಬರೀತಿದ್ದೆ. ನೀವು ಥಾನು ಹೊತ್ಕೊಂಡು ಹತ್ತಕ್ಕೋ ಹನ್ನೊಂದಕ್ಕೋ ಕಣ್ಣು ಕತ್ತಲೆ ಬಂದು ಬೀಳ್ತಿದ್ರಿ. ಕಳ್ಕೊಂಡಿರೋ ಕಸುವು ಬರುತ್ತೆ, ಆದ್ರೆ ನಿಂತು ನಿಂತು ಬರುತ್ತೆ. ಈಗ ಹೇಳಿ, ಫಿಟ್ ಅಂತ ಬರೆಯೋಕಾಗಲ್ಲ, ಅನ್‌ಫಿಟ್ ಅಂತ ಬರೆಯೋಕೆ ಮನಸ್ಸಿಲ್ಲ. ಏನು ಬರೀಲಿ?'

'ನಮ್ಮಲ್ಲಿ ಟ್ರಯಲ್ ಅಂತೀವಿ' ಎಂದಳು ಅವಳು. 'ಕಚ್ಚಾ ಹೊಲಿಗೆ ಹಾಕಿ ಒಂದ್ಸಲ ತೊಡಿಸಿ ನೋಡೋದು. ಬಿಗಿ ಇದ್ರೆ ಬಿಚ್ಚಿ ಸರಿಮಾಡೋದು.'

ಡಾಕ್ಟರಮ್ಮ ಟ್ರಯಲ್ ಎಂದೇ ಬರೆದಳು. ಅರ್ಧ ದಿನ, ಭಾರ ಎತ್ತಬಾರದು, ಆರು ವಾರದ ಮೇಲೆ ಮತ್ತೆ ನೋಡುವುದು. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನೊಳಗಿಟ್ಟಳು. ಹೊರಡುವಾಗ 'ಮೇಡಂ, ಆ ಕಾಲರಿಗೆ ಒಳಗಿನಿಂದ ಒಂದು ಹೊಲಿಗೆ ಹಾಕಿದ್ರೆ ಕೂರುತ್ತೆ. ಕೋಟು ಕಳಿಸಿಕೊಡಿ' ಅಂದಳು.

ಕಾರ್ಖಾನೆಯ ಮೆಟ್ಟಿಲ ಕೆಳಗೆ ನಿಂತಾಗ ಮೇಲಿನಿಂದ ಹೊಲಿಗೆಯಂತ್ರಗಳ ಸದ್ದು ಸುರಿಯುತ್ತಿತ್ತು. ಬರುವ ದಾರಿಯಲ್ಲಿ ಮಗಳು ಒಂದೇ ಮಾತು ಕೇಳಿತ್ತು, 'ನಾನು ಹೇಳಿದ್ದು ತಪ್ಪಾ?' 'ನಂದು ತಪ್ಪು' ಎಂದಿದ್ದಳು ಅವಳು. ಮತ್ತೇನಾದರೂ ಹೇಳಬೇಕಿತ್ತು. 'ಎಣಿಸು' ಅಂದಳು ಈಗ. ಮಗಳು ಮುಂದೆ ಹತ್ತಿತು. ಒಂದು, ಎರಡು, ಮೂರು. ಎಂಟರವರೆಗೆ ಯಂತ್ರಗಳ ಲಯಕ್ಕೆ ಕಾಲು ಸೇರಿತು. ಒಂಬತ್ತಕ್ಕೆ ತೊಡೆ ನಡುಗಿತು. ಹನ್ನೆರಡಕ್ಕೆ ಅವಳು ಕಂಬಿ ಹಿಡಿದು ನಿಂತಳು. ಮೇಲೆ ಮಾಸ್ಟರ್‌ಗೆ ಕಣ್ಣಿಗಿಂತ ಕಿವಿ ಚುರುಕು, ಯಾರು ಬರುತ್ತಿದ್ದಾರೆಂದು ಹೆಜ್ಜೆಯಿಂದಲೇ ಹೇಳುತ್ತಿದ್ದರು.

'ಯಾರದು ನಡುವೆ ನಿಂತಿರೋದು?' ಎಂದು ಅವರ ದನಿ ಬಂತು.

ಅವಳು ಉಸಿರು ಕೂಡಿಸಿಕೊಂಡಳು. 'ನಾನೇ ಮಾಸ್ಟರ್. ನಿಂತಿದೀನಿ.'

ಮಾಸ್ಟರ್ ಮೇಲಿನ ಬಾಗಿಲಿಗೆ ಬಂದು, ಕನ್ನಡಕ ಹಣೆಗೇರಿಸಿ, ಕೆಳಗೆ ನೋಡಿದರು. ಹಿಂದಿನಿಂದ ಕಾಜಾ ಅಕ್ಕ ಇಣುಕಿ, 'ಅಯ್ಯೋ ನಮ್ ಪೈಲ್ವಾನ್ ಬಂದ್ಲು ಕಣ್ರೋ' ಎಂದು ಕೂಗಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಮಾಸ್ಟರ್ ತಾವೇ, ಮೊಣಕಾಲಿಗೆ ಕೈಕೊಟ್ಟು, ಹತ್ತು ಮೆಟ್ಟಿಲು ಇಳಿದು ಬಂದು ಚೀಟಿ ತೆಗೆದುಕೊಂಡರು. ಎರಡು ಸಲ ಓದಿದರು. 'ಟ್ರಯಲ್' ಎಂದರು, ರುಚಿ ನೋಡುವವರ ಹಾಗೆ. 'ಅರ್ಧ ದಿನದ ಕೈಗೆ ಇಡೀ ಮೇಜು ಹೇಗೆ ಕೊಡ್ಲಿ ತಾಯಿ?'

'ಕೊಡಬೇಡಿ' ಎಂದಳು. ಹೇಳಿದ ಮೇಲೆ ಎದೆಯಲ್ಲಿ ನೋವು ಬಂತು, ಚರ್ಮದ್ದಲ್ಲ. ಹತ್ತೊಂಬತ್ತು ವರ್ಷ.

ಮಾಸ್ಟರ್ ಚೀಟಿಯ ಅಂಚನ್ನು ಉಗುರಿನಿಂದ ತೀಡಿದರು. 'ಮೇಜು ಹನ್ನೆರಡು ಅಡಿ ಇದೆ' ಎಂದರು ಕೊನೆಗೆ. 'ಆರಡಿ ಹೊಸಬ ಇಟ್ಕೊಳ್ಲಿ. ಥಾನು ಅವ್ನೇ ಎತ್ಲಿ. ಆರಡಿ ನಿಂದು, ಗುರುತು ಹಾಕು, ಅವನ ಕತ್ತರಿ ತಪ್ಪಿದ್ರೆ ಬೈ. ಬೈಯೋಕೆ ಕಸುವು ಬೇಕಾಗಲ್ಲ ತಾನೇ?' ತಿರುಗಿ ಹತ್ತುತ್ತಾ, ತಮ್ಮ ಮೊಣಕಾಲಿಗೆ ಹೇಳುವಂತೆ ಅಂದರು: 'ಆತುರ ಬೇಡ. ಬಾ.'

ಆರಡಿ. ಅವಳ ಕೈ ಎರಡೂ ಕಡೆ ಚಾಚಿದರೆ ಅಷ್ಟು ಇರಲಿಲ್ಲ ಈಗ. ಬಲಗೈ ಪೂರ್ತಿ ಚಾಚುತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ಕು ತೆಗೆದು ಮಗಳ ಕೈಗೆ ಕೊಟ್ಟಳು.

'ಎಷ್ಟು ಬರೀಲಿ?' ಎಂದಿತು ಮಗಳು, ಹುಷಾರಾಗಿ.

'ಹನ್ನೆರಡು ಅಂತ ಬರಿ. ಆಮೇಲೆ ನಿಂತಳು ಅಂತ ಬರಿ.'

ಮಗಳು ತೊಡೆಯ ಮೇಲೆ ಪುಸ್ತಕವಿಟ್ಟು ಬರೆಯಿತು. ಬರೆಯುವಾಗ ಅದರ ನಾಲಿಗೆ ತುಟಿಯ ಮೂಲೆಗೆ ಬಂದಿತ್ತು. ನಿಂತಳು ಎಂಬುದನ್ನು ಅಳಿಸಿ, ನಿಂತರು ಎಂದು ತಿದ್ದಿತು, ಅಮ್ಮನ ಬಗ್ಗೆ ಪುಸ್ತಕದಲ್ಲಿ ಹಾಗೇ ಬರೆಯಬೇಕೆಂದು ಟೀಚರು ಹೇಳಿದ್ದರಂತೆ. ಕೆಳಗಿನ ಬಾಗಿಲಿನಿಂದ ಬೆಳಕು ಮೆಟ್ಟಿಲ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಎದೆ ತನ್ನ ಜಾಗಕ್ಕೆ ಮರಳುವವರೆಗೆ ಅವಳು ಕೂತಳು. ಯಾರೂ ಕರೆಯಲಿಲ್ಲ. ಆಮೇಲೆ ಎಡಗೈಯಿಂದ ಕಂಬಿ ಹಿಡಿದು ಎದ್ದು, ಬಲಗೈಯನ್ನು ಮಗಳಿಗೆ ಕೊಟ್ಟು, ಕಾಲು ಮುಂದಿಟ್ಟಳು.

ಮಗಳು ಬಾಯಿ ತೆರೆದು, ಒಂದು ಕ್ಷಣ ಅವಳ ಮುಖ ನೋಡಿ, 'ಹದಿಮೂರು' ಎಂದಿತು.